ಒಲೆ, ಹೊಗೆ, ಎದೆ: ಸ್ತ್ರೀಯರ ಹೃದ್ರೋಗ ತಡೆಯ ಚರಿತ್ರೆಯಲ್ಲಿ ಕೇಳಿದ ಮತ್ತು ಕೇಳದ ಪ್ರಶ್ನೆಗಳು

ಅಮೆರಿಕದ ಹೃದ್ರೋಗ ಪತ್ರಿಕೆ ‘ಸರ್ಕ್ಯುಲೇಷನ್’ನಲ್ಲಿ 1959ರಲ್ಲಿ ದಿಲ್ಲಿಯ ಒಂದು ಅಧ್ಯಯನ ಪ್ರಕಟವಾಯಿತು. ಎಸ್. ಪದ್ಮಾವತಿ ಮತ್ತು ಎಸ್. ಎನ್. ಪಾಠಕ್ ಅವರು 127 ರೋಗಿಗಳನ್ನು ಆಧರಿಸಿ ಬರೆದ ಆ ಲೇಖನದ ವಿಷಯ ‘ಕಾರ್ ಪಲ್ಮೊನೇಲ್’ ಎಂಬ ಸ್ಥಿತಿ. ಶ್ವಾಸಕೋಶ ವರ್ಷಾನುಗಟ್ಟಲೆ ಕೆಡುತ್ತ ಹೋದಾಗ ಅದರ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಆ ಒತ್ತಡದ ಎದುರು ರಕ್ತವನ್ನು ನೂಕಬೇಕಾದ ಹೃದಯದ ಬಲಭಾಗ ಮೊದಲು ಹಿಗ್ಗುತ್ತದೆ, ಬಳಿಕ ಸೋಲುತ್ತದೆ. ಯುರೋಪಿನ ವೈದ್ಯಗ್ರಂಥಗಳಲ್ಲಿ ಇದು ಬಹುಮಟ್ಟಿಗೆ ಗಂಡಸರ ಕಾಯಿಲೆ: ಬೀಡಿ-ಸಿಗರೇಟು ಸೇದುವವನದು, ಗಣಿಯಲ್ಲಿ ದುಡಿಯುವವನದು. ದಿಲ್ಲಿಯಲ್ಲಿ ಕಂಡ ಚಿತ್ರ ಬೇರೆಯಾಗಿತ್ತು. ಪದ್ಮಾವತಿಯವರೂ ಅವರ ಸಹೋದ್ಯೋಗಿಗಳೂ ಮುಂದಿನ ಎರಡು ದಶಕಗಳಲ್ಲಿ ನಡೆಸಿದ ಅಧ್ಯಯನಗಳು ಆ ಚಿತ್ರವನ್ನು ಸ್ಪಷ್ಟಪಡಿಸಿದವು. ಧೂಮಪಾನ ಗಂಡಸರಲ್ಲಿ ವ್ಯಾಪಕವಾಗಿಯೂ ಹೆಂಗಸರಲ್ಲಿ ವಿರಳವಾಗಿಯೂ ಇದ್ದರೂ ಕಾಯಿಲೆ ಇಬ್ಬರಲ್ಲೂ ಹೆಚ್ಚುಕಡಿಮೆ ಸಮನಾಗಿತ್ತು. ಹೆಂಗಸರಲ್ಲಿ ಅದು ಇನ್ನೂ ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತಿತ್ತು. ಕಾರಣವನ್ನು ಹುಡುಕುತ್ತ ಹೋದ ವೈದ್ಯರು ತಲುಪಿದ್ದು ಅಡುಗೆಮನೆಗೆ, ಸೌದೆ ಮತ್ತು ಬೆರಣಿಯ ಹೊಗೆಗೆ.

ಸ್ತ್ರೀಯರ ಹೃದ್ರೋಗ ತಡೆಯ ಚರಿತ್ರೆಯನ್ನು ಔಷಧ ಮತ್ತು ಶಸ್ತ್ರಚಿಕಿತ್ಸೆಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಅದನ್ನು ಕೇಳಿದ ಪ್ರಶ್ನೆಗಳ ಚರಿತ್ರೆಯಾಗಿ ಓದಿದರೆ ಬೇರೊಂದು ಕಥನ ತೆರೆದುಕೊಳ್ಳುತ್ತದೆ. ಆಕೆ ಏನು ತಿನ್ನುತ್ತಾಳೆ, ಎಷ್ಟು ನಡೆಯುತ್ತಾಳೆ ಎಂಬ ಪ್ರಶ್ನೆಗಳು ಪಾಶ್ಚಾತ್ಯ ವೈದ್ಯಕೀಯದಿಂದ ಬಂದವು. ಆಕೆ ದಿನಕ್ಕೆ ಎಷ್ಟು ಹೊತ್ತು ಯಾವ ಒಲೆಯ ಮುಂದೆ ಕೂರುತ್ತಾಳೆ ಎಂಬ ಪ್ರಶ್ನೆಯನ್ನು ದಿಲ್ಲಿಯ ವಾರ್ಡುಗಳು ಅಷ್ಟು ಮುಂಚೆಯೇ ಕೇಳಿದ್ದವು. ಆದರೂ ಆ ಉತ್ತರ ತಡೆಯ ಕಾರ್ಯಕ್ರಮವಾಗಿ ರೂಪುಗೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಗಡಿ ದಾಟಿ ಬಂದ ವೈದ್ಯೆ

ಪದ್ಮಾವತಿ 1917ರಲ್ಲಿ ಬರ್ಮಾದಲ್ಲಿ ಹುಟ್ಟಿದರು. ರಂಗೂನಿನಲ್ಲಿ ವೈದ್ಯಕೀಯ ಓದಿದರು. 1942ರ ಜಪಾನಿ ಆಕ್ರಮಣದ ವೇಳೆ ಕುಟುಂಬ ಬರ್ಮಾ ತೊರೆದು ಕೊಯಮತ್ತೂರಿಗೆ ಬಂತು. ಯುದ್ಧಾನಂತರ ಅವರು ಬ್ರಿಟನ್ನಿನಲ್ಲಿ ಉನ್ನತ ಶಿಕ್ಷಣ ಪಡೆದು, ಅಮೆರಿಕದಲ್ಲಿ ಹೆಲೆನ್ ಟಾಸಿಗ್ ಮತ್ತು ಪಾಲ್ ಡಡ್ಲಿ ವೈಟ್ ಅವರ ಬಳಿ ಹೃದ್ರೋಗ ವಿಜ್ಞಾನ ಕಲಿತರು. 1953ರಲ್ಲಿ ದಿಲ್ಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು ಸೇರಿದರು. ಅದು ಹೆಣ್ಣುಮಕ್ಕಳಿಗಾಗಿಯೇ ಸ್ಥಾಪಿತವಾದ ಕಾಲೇಜು. ಅದರ ಆಸ್ಪತ್ರೆಯೂ ಸ್ತ್ರೀಯರು ಮತ್ತು ಮಕ್ಕಳಿಗಾಗಿ ಇದ್ದದ್ದು. ಈ ಸನ್ನಿವೇಶಕ್ಕೆ ಮಹತ್ವವಿದೆ. ಗಂಡು ರೋಗಿಯನ್ನೇ ಮಾದರಿಯಾಗಿಟ್ಟುಕೊಂಡ ವಿಜ್ಞಾನವನ್ನು ಕಲಿತು ಬಂದ ವೈದ್ಯೆ, ಹೆಣ್ಣು ರೋಗಿಯೇ ಸಾಮಾನ್ಯಳಾಗಿದ್ದ ಆಸ್ಪತ್ರೆಯಲ್ಲಿ ನಿಂತು ನೋಡಿದರು. ಹೊರಗಿನವರಿಗೆ ಅಪವಾದವೆಂದು ತೋರಬಹುದಾಗಿದ್ದದ್ದು ಅಲ್ಲಿ ನಿತ್ಯದ ಸಂಗತಿಯಾಗಿತ್ತು.

ಆ ಅಧ್ಯಯನಗಳಲ್ಲಿ ಪ್ರಾದೇಶಿಕ ಹೋಲಿಕೆಯೂ ಬಂತು. ಕಾಯಿಲೆ ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಕಡಿಮೆ ಕಂಡದ್ದಕ್ಕೆ, ಸೆಕೆಯ ಸೀಮೆಯ ಮನೆಗಳಲ್ಲಿ ಅಡುಗೆಯ ವೇಳೆ ಗಾಳಿ ಹೆಚ್ಚು ಆಡುವುದನ್ನು ಕಾರಣವಾಗಿ ಮುಂದಿಡಲಾಯಿತು. ಹೃದಯದ ಕಾಯಿಲೆಯನ್ನು ಮನೆಯ ಕಟ್ಟೋಣ, ಸೂರಿನ ಎತ್ತರ, ಬೆಳಕಿಂಡಿಯ ಅಗಲಗಳ ಜೊತೆಗಿಟ್ಟು ಓದುವ ದಾರಿಯನ್ನು ಇದು ತೋರಿಸಿತು. ದಕ್ಷಿಣವೆಂದರೆ ಒಂದೇ ಹವೆಯಲ್ಲ ಎಂಬುದೂ ಇಲ್ಲಿ ನೆನಪಿಡಬೇಕಾದ ಮಾತು. ಚಳಿಗೆ ಬಾಗಿಲು ಮುಚ್ಚಿಕೊಳ್ಳುವ ನೀಲಗಿರಿಯ ಬಡಗರ ಹಟ್ಟಿ, ಮಳೆಗಾಲದಲ್ಲಿ ಸೌದೆ ಒಣಗದ ವಯನಾಡಿನ ಮನೆ, ಅಂಗಳದಲ್ಲೇ ಒಲೆ ಹೂಡಬಹುದಾದ ಅಕ್ಕಲಕೋಟೆಯ ಬಯಲು, ಇವು ಮೂರೂ ಒಂದೇ ಹೊಗೆಯನ್ನು ಮೂರು ಬಗೆಯಲ್ಲಿ ಹಿಡಿದಿಡುತ್ತವೆ ಅಥವಾ ಬಿಟ್ಟುಕೊಡುತ್ತವೆ.

ಗಂಡನ ಹೃದಯ, ಹೆಂಡತಿಯ ಹೊಣೆ

ಇದೇ ಕಾಲದಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ಅಧ್ಯಯನ ಹೃದ್ರೋಗ ತಡೆಯ ಭಾಷೆಯನ್ನು ರೂಪಿಸುತ್ತಿತ್ತು. 1948ರಲ್ಲಿ ಆರಂಭವಾದ ಆ ಅಧ್ಯಯನಕ್ಕೆ ಸೇರಿದ 5,209 ಜನರಲ್ಲಿ 2,873 ಮಂದಿ ಸ್ತ್ರೀಯರು. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನಗಳನ್ನು ‘ಅಪಾಯದ ಅಂಶ’ಗಳೆಂದು ಜಗತ್ತು ಗುರುತಿಸಿದ್ದು ಬಹುಮಟ್ಟಿಗೆ ಇಲ್ಲಿಂದ. ಆದರೆ ಸ್ತ್ರೀಯರಿಗೆ ಹೃದಯಾಘಾತ ಗಂಡಸರಿಗಿಂತ ಸುಮಾರು ಹತ್ತು ವರ್ಷ ತಡವಾಗಿ ಬರುತ್ತದೆ ಎಂಬ ಅಂಶವನ್ನು, ಸ್ತ್ರೀಯರಿಗೆ ಅದು ಬರುವುದೇ ಇಲ್ಲವೇನೋ ಎಂಬಂತೆ ಅರ್ಥೈಸಲಾಯಿತು. 1964ರಲ್ಲಿ ಅಮೆರಿಕದ ಆರಿಗನ್ ರಾಜ್ಯದಲ್ಲಿ ಹೃದ್ರೋಗದ ಬಗ್ಗೆ ಸ್ತ್ರೀಯರಿಗಾಗಿಯೇ ನಡೆದ ದೊಡ್ಡ ಸಮಾವೇಶದ ಉದ್ದೇಶ, ಹೆಂಡತಿಯರು ಗಂಡಂದಿರ ಹೃದಯವನ್ನು ಹೇಗೆ ಕಾಪಾಡಬೇಕೆಂದು ತಿಳಿಸುವುದು. ಅಡುಗೆ ಮಾಡುವವಳಾಗಿ ಆಕೆ ತಡೆಯ ಕಾರ್ಯಕ್ರಮದ ನಡುವೆ ಇದ್ದಳು. ರೋಗಿಯಾಗಿ ಅದರ ಹೊರಗಿದ್ದಳು.

ಮುಂದಿನ ಪ್ರಯೋಗಗಳು ಇದೇ ಜಾಡಿನಲ್ಲಿ ನಡೆದವು. 1970ರ ದಶಕದಲ್ಲಿ ಆರಂಭವಾದ ಒಂದು ಬೃಹತ್ ತಡೆ ಪ್ರಯೋಗದಲ್ಲಿ 12,866 ಮಂದಿ ಇದ್ದರು, ಎಲ್ಲರೂ ಗಂಡಸರು. ಆಸ್ಪಿರಿನ್ ಹೃದಯಾಘಾತವನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸಿದ ಅಧ್ಯಯನದಲ್ಲಿದ್ದ 22,071 ವೈದ್ಯರೂ ಗಂಡಸರೇ. ಸುಮಾರು 40,000 ಸ್ತ್ರೀಯರ ಮೇಲೆ ಅದೇ ಪ್ರಶ್ನೆಯನ್ನು ಕೇಳಿದ ಅಧ್ಯಯನದ ಫಲಿತಾಂಶ 2005ರಲ್ಲಿ ಬಂದಾಗ ಉತ್ತರ ಬೇರೆಯಾಗಿತ್ತು: ಆಸ್ಪಿರಿನ್ ಆ ಸ್ತ್ರೀಯರಲ್ಲಿ ಪಾರ್ಶ್ವವಾಯುವನ್ನು ತಗ್ಗಿಸಿತು, ಮೊದಲ ಹೃದಯಾಘಾತವನ್ನು ಒಟ್ಟಾರೆಯಾಗಿ ತಗ್ಗಿಸಲಿಲ್ಲ. ಗಂಡಿನ ದೇಹದಿಂದ ಪಡೆದ ಉತ್ತರವನ್ನು ಹೆಣ್ಣಿನ ದೇಹಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ಫ್ರಾಮಿಂಗ್‌ಹ್ಯಾಮ್‌ನ ಒಳಗಿನಿಂದಲೇ ಬಂದ ಭಿನ್ನ ದನಿಯೊಂದನ್ನು ಇಲ್ಲಿ ದಾಖಲಿಸಬೇಕು. ಸುಜಾನ್ ಹೇನ್ಸ್ ಮತ್ತು ಮ್ಯಾನಿಂಗ್ ಫೈನ್‌ಲೈಬ್ 1980ರಲ್ಲಿ ಪ್ರಕಟಿಸಿದ ಬರಹವು, ಹೊರಗೆ ದುಡಿಯುವುದೇ ಸ್ತ್ರೀಯರ ಹೃದಯಕ್ಕೆ ಕೇಡು ಎಂಬ ಜನಪ್ರಿಯ ಊಹೆಯನ್ನು ಒರೆಗೆ ಹಚ್ಚಿತು. ದುಡಿಯುವ ಸ್ತ್ರೀಯರಿಗೂ ಗೃಹಿಣಿಯರಿಗೂ ಒಟ್ಟಾರೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಗುಮಾಸ್ತೆಯ ಕೆಲಸದಲ್ಲಿದ್ದವರಲ್ಲಿ ಹೃದ್ರೋಗ ಗೃಹಿಣಿಯರಿಗಿಂತ ಸರಿಸುಮಾರು ಎರಡು ಪಟ್ಟು ಇತ್ತು. ಅವರಲ್ಲೂ ಮಕ್ಕಳಿದ್ದು, ಗಂಡ ಕಾರ್ಮಿಕನಾಗಿದ್ದವರಲ್ಲಿ ಅಪಾಯ ಇನ್ನೂ ಹೆಚ್ಚು. ಬೆಂಬಲಿಸದ ಮೇಲಧಿಕಾರಿ ಮತ್ತು ಹೊರಹಾಕಲಾಗದ ಸಿಟ್ಟು ಆ ಬರಹ ಗುರುತಿಸಿದ ಅಂಶಗಳಲ್ಲಿ ಸೇರಿದ್ದವು. ದುಡಿಮೆಗಿಂತ ದುಡಿಮೆಯ ಬಗೆ, ಮನೆಯಲ್ಲಿ ಕಾದಿರುವ ಎರಡನೆಯ ದುಡಿಮೆ ಮತ್ತು ಮಾತಿಗೆ ಸಿಗುವ ಬೆಲೆ ಇಲ್ಲಿ ನಿರ್ಣಾಯಕವಾಗಿದ್ದವು.

ಒಲೆಯ ಪ್ರತ್ಯೇಕ ಚರಿತ್ರೆ

ಭಾರತದಲ್ಲಿ ಒಲೆಯ ಸುಧಾರಣೆಗೆ ತನ್ನದೇ ಚರಿತ್ರೆಯಿದೆ. ಅದು ಹೃದ್ರೋಗದ ಚರಿತ್ರೆಯನ್ನು ಬಹುಕಾಲ ಸಂಧಿಸಲೇ ಇಲ್ಲ. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾ ಪ್ರಯೋಗಾಲಯದ ಎಸ್. ಪಿ. ರಾಜು ಹೊಗೆಕೊಳವೆಯುಳ್ಳ ಮಣ್ಣಿನ ಒಲೆಯನ್ನು ರೂಪಿಸಿ, ಹೊಗೆಯಿಲ್ಲದ ಅಡುಗೆಮನೆಗಳ ಬಗ್ಗೆ 1953ರಲ್ಲಿ ಇಂಗ್ಲಿಷ್ ಪುಸ್ತಿಕೆಯೊಂದನ್ನು ಹೊರತಂದರು. ಆಗ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಾರಾಯಣಪೇಟೆ, ಮಕ್ತಲದ ಕನ್ನಡಿಗರಿಗೂ ರಾಯಚೂರಿನ ಕನ್ನಡಿಗರಿಗೂ ನಡುವೆ ರಾಜ್ಯದ ಗಡಿ ಎದ್ದಿರಲಿಲ್ಲ. ಪದ್ಮಾವತಿ ಲೇಡಿ ಹಾರ್ಡಿಂಜ್ ಸೇರಿದ್ದು ಅದೇ 1953ರಲ್ಲಿ. ಒಬ್ಬರು ಹೊಗೆಯನ್ನು ಮನೆಯಿಂದ ಹೊರಹಾಕುವ ಬಗೆಯನ್ನು ಬರೆಯುತ್ತಿದ್ದಾಗ, ಇನ್ನೊಬ್ಬರು ಅದೇ ಹೊಗೆ ಎದೆಗೆ ಏನು ಮಾಡುತ್ತದೆಂದು ನೋಡುವ ಹೊಸ್ತಿಲಲ್ಲಿದ್ದರು.

1970ರ ದಶಕದ ಇಂಧನ ಬಿಕ್ಕಟ್ಟಿನ ಬಳಿಕ ಒಲೆ ಮತ್ತೆ ಸರ್ಕಾರದ ಗಮನಕ್ಕೆ ಬಂತು. ಈ ಸಲ ಮುಂದಾದ ಚಿಂತೆ ಸೌದೆ ಮತ್ತು ಕಾಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಇಂಧನ ಬಳಕೆಯನ್ನು ಮನೆಮನೆಯಲ್ಲಿ ಅಳೆಯಿತು. ಸೌದೆ ಆಯುವುದಕ್ಕೂ ಅಡುಗೆಗೂ ಹೆಂಗಸರ ಎಷ್ಟು ಗಂಟೆ ಹೋಗುತ್ತದೆ ಎಂಬುದು ಆ ಲೆಕ್ಕದಲ್ಲಿ ಸೇರಿತ್ತು. ಮೂರು ಪಾತ್ರೆಗಳ ‘ಅಸ್ತ್ರ ಒಲೆ’ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಹರಡಿತು. 1983ರಲ್ಲಿ ಆರಂಭವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರ ವೇಳೆಗೆ ನಿಂತಿತು. ಒಲೆ ಇಂಧನ ಇಲಾಖೆಯ ಕಡತ ಸೇರಿತು, ಹೃದಯ ಆಸ್ಪತ್ರೆಯ ಕಡತದಲ್ಲಿ ಉಳಿಯಿತು. ಎಷ್ಟು ಸೌದೆ ಉಳಿಯಿತೆಂದು ಕೇಳಿದಷ್ಟು, ಆಕೆಯ ಉಸಿರು ಎಷ್ಟು ಹಗುರಾಯಿತೆಂದು ಯಾರೂ ಕೇಳಲಿಲ್ಲ.

ಅಡುಗೆ ಮಾಡುವವಳ ಮೈಮೇಲೆಯೇ ಅಳತೆಯ ಉಪಕರಣ ತೊಡಿಸಿ ಆಕೆ ಒಳಗೆಳೆದುಕೊಳ್ಳುವ ಹೊಗೆಯನ್ನು ಲೆಕ್ಕಹಾಕಿದ ಕಿರ್ಕ್ ಸ್ಮಿತ್ ಮತ್ತು ಸಂಗಡಿಗರ ಗುಜರಾತ್ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ಅದೇ ಸಂಶೋಧಕರ ಬಳಗ ಗ್ವಾಟೆಮಾಲಾದಲ್ಲಿ ಹೊಗೆಕೊಳವೆಯ ಒಲೆ ಕೊಟ್ಟು ನೋಡಿದಾಗ, ನಡುವಯಸ್ಸು ದಾಟಿದ ಸ್ತ್ರೀಯರ ರಕ್ತದೊತ್ತಡ ಸರಾಸರಿ 3ರಿಂದ 4 ಮಿಲಿಮೀಟರುಗಳಷ್ಟು ಕಡಿಮೆ ಕಂಡಿತು. 2007ರ ಆ ಫಲಿತಾಂಶ ಒಲೆಯನ್ನೂ ಹೃದಯವನ್ನೂ ಮತ್ತೆ ಒಂದೇ ಪುಟಕ್ಕೆ ತಂದಿತು.

ಪ್ರಶ್ನೆಯ ಭಾಷೆ

ಪ್ರಶ್ನೆ ಯಾವುದು ಎಂಬಷ್ಟೇ, ಅದನ್ನು ಯಾವ ಮಾತಿನಲ್ಲಿ ಕೇಳಲಾಗುತ್ತದೆ ಎಂಬುದೂ ಮುಖ್ಯ. ಎದೆನೋವಿನ ಸಮೀಕ್ಷೆಗೆಂದು ಲಂಡನ್ನಿನ ಜೆಫ್ರಿ ರೋಸ್ 1962ರಲ್ಲಿ ರಚಿಸಿದ ಪ್ರಶ್ನಾವಳಿ ಜಗತ್ತಿನಾದ್ಯಂತ ಅನುವಾದಗೊಂಡಿದೆ. ಏರು ಹತ್ತುವಾಗ ಅಥವಾ ಬಿರುಸಾಗಿ ನಡೆಯುವಾಗ ಎದೆಯಲ್ಲಿ ನೋವು ಬರುತ್ತದೆಯೇ, ಬಂದರೆ ನಿಲ್ಲುತ್ತೀರೋ ನಿಧಾನಿಸುತ್ತೀರೋ ಅಥವಾ ಹಾಗೆಯೇ ಮುಂದೆ ನಡೆಯುತ್ತೀರೋ ಎಂದು ಅದು ವಿಚಾರಿಸುತ್ತದೆ. ಮಾತ್ರೆಯ ನೆರವಿಲ್ಲದೆ ಮುಂದೆ ನಡೆಯುವೆನೆಂದವರು ಹೃದಯಶೂಲೆಯ ಲೆಕ್ಕಕ್ಕೆ ಬರುವುದಿಲ್ಲ. ತಲೆಯ ಮೇಲೆ ಸೌದೆಯ ಹೊರೆ ಹೊತ್ತು ಕತ್ತಲಾಗುವುದರೊಳಗೆ ಮನೆ ಸೇರಬೇಕಾದ ತಾಳವಾಡಿಯ ಹೆಣ್ಣಿಗೆ ನಿಲ್ಲುವ ಆಯ್ಕೆ ಎಷ್ಟಿದೆ? ಆಕೆಯ ಪ್ರಾಮಾಣಿಕ ಉತ್ತರವೇ ಆಕೆಯನ್ನು ರೋಗಿಗಳ ಪಟ್ಟಿಯಿಂದ ಹೊರಗಿಡುತ್ತದೆ.

ಗಡಿನಾಡಿನಲ್ಲಿ ಇದಕ್ಕೆ ಭಾಷೆಯ ಇನ್ನೊಂದು ಪದರ ಸೇರುತ್ತದೆ. ಕನ್ನಡದ ‘ಎದೆ’ ಶರೀರದ ಭಾಗವೂ ಹೌದು, ಹೃದಯವೂ ಹೌದು, ಧೈರ್ಯವೂ ಹೌದು. ತೆಲುಗಿನ ‘ಗುಂಡೆ’ ಹೃದಯ. ಅದರ ನೆಂಟನಾದ ಕನ್ನಡದ ‘ಗುಂಡಿಗೆ’ ಹೆಚ್ಚಾಗಿ ಕೆಚ್ಚಿನ ಮಾತು. ಮರಾಠಿಯ ‘ಛಾತಿ’ ಎದೆಗೂಡು. ಕನ್ನಡಕ್ಕೆ ಬಂದ ‘ಛಾತಿ’ ಎದೆಗಾರಿಕೆ. ತಮಿಳಿನ ‘ನೆಂಜು’ ಎದೆಯನ್ನೂ ಮನಸ್ಸನ್ನೂ ಒಟ್ಟಿಗೆ ಹಿಡಿಯುತ್ತದೆ. ಮಡಕಶಿರಾದಲ್ಲಿ ತೆಲುಗಿನಲ್ಲೋ ಜತ್ತದಲ್ಲಿ ಮರಾಠಿಯಲ್ಲೋ ಮುದ್ರಿತವಾದ ನಮೂನೆಯ ಮುಂದೆ ಕನ್ನಡ ಮಾತನಾಡುವ ಹೆಣ್ಣು ತನ್ನ ಬೇನೆಯನ್ನು ಹೇಳುವಾಗ ಈ ಪದಗಳ ನಡುವೆ ಅರ್ಥ ಜಾರಬಹುದು. ಹೃದಯಾಘಾತದಲ್ಲಿ ಎದೆನೋವು ಸ್ತ್ರೀಯರಿಗೂ ಸಾಮಾನ್ಯ ಲಕ್ಷಣವೇ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದರ ಬದಲಿಗೆ, ಏದುಸಿರು, ವಿಪರೀತ ಸುಸ್ತು, ವಾಕರಿಕೆ, ಬೆನ್ನು ಅಥವಾ ದವಡೆಯ ನೋವು ಅವರಲ್ಲಿ ಹೆಚ್ಚಾಗಿ ಕಾಣಿಸುತ್ತವೆ. ಇವಕ್ಕೆ ಮನೆಮಾತಿನಲ್ಲಿ ಸಿದ್ಧ ಹೆಸರುಗಳಿವೆ: ಪಿತ್ತ, ವಾಯು, ಗ್ಯಾಸ್ಟ್ರಿಕ್, ನಿಃಶಕ್ತಿ. ಹೆಸರು ಸಿಕ್ಕೊಡನೆ ಹುಡುಕಾಟ ನಿಲ್ಲುತ್ತದೆ.

ತಡೆಯ ಉಪದೇಶಗಳಿಗೂ ಇದೇ ಮಾತು ಅನ್ವಯಿಸುತ್ತದೆ. ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂಬ ಸಲಹೆ ಸೊಲ್ಲಾಪುರದಲ್ಲೋ ಕಾಸರಗೋಡಿನಲ್ಲೋ ಬೀಡಿ ಸುತ್ತುವ ಹೆಣ್ಣಿಗೆ ಕೂಲಿಯ ಲೆಕ್ಕವಾಗಿ ಕೇಳಿಸುತ್ತದೆ. ಸಾವಿರ ಬೀಡಿಗೆ ಇಷ್ಟೆಂದು ಪಡೆಯುವವಳಿಗೆ ಅರ್ಧ ಗಂಟೆಯೆಂದರೆ ಹಣ. ಇಡೀ ದಿನ ಕುಳಿತೇ ಇರುವುದು ಆಕೆಯ ಅಭ್ಯಾಸದ ದೋಷವಲ್ಲ, ಕೆಲಸದ ಷರತ್ತು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನ, ಧೂಮಪಾನ, ರಕ್ತದೊತ್ತಡ, ಮಧುಮೇಹ, ಆಹಾರ, ಮಾನಸಿಕ-ಸಾಮಾಜಿಕ ಒತ್ತಡ ಮೊದಲಾದ ಒಂಬತ್ತು ಅಂಶಗಳು ಸ್ತ್ರೀಯರ ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇ. 94ರಷ್ಟನ್ನು ವಿವರಿಸುತ್ತವೆ ಎಂದಿತು. ಎಂದರೆ ಹೆಚ್ಚಿನವನ್ನು ತಡೆಯಬಹುದು. ಆದರೆ ಆ ಒಂಬತ್ತರಲ್ಲಿ ಅಡುಗೆಮನೆಯ ಹೊಗೆ ಇರಲಿಲ್ಲ.

2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆ ಬಡ ಕುಟುಂಬದ ವಯಸ್ಕ ಹೆಣ್ಣಿನ ಹೆಸರಿನಲ್ಲೇ ಅನಿಲ ಸಂಪರ್ಕ ಕೊಟ್ಟಿತು. ಸಂಪರ್ಕ ಆಕೆಯ ಹೆಸರಿನಲ್ಲಿದ್ದರೂ ಎರಡನೆಯ ಸಿಲಿಂಡರಿಗೆ ಹಣ ತೆಗೆಯುವ ನಿರ್ಧಾರ ಎಷ್ಟೋ ಮನೆಗಳಲ್ಲಿ ಆಕೆಯ ಕೈಯಲ್ಲಿಲ್ಲ. ಹಾಲು ಕಾಯಿಸಲು ಅನಿಲ, ಅನ್ನಕ್ಕೂ ಸ್ನಾನದ ನೀರಿಗೂ ಸೌದೆ ಎಂಬ ಇಬ್ಬಗೆಯ ವ್ಯವಸ್ಥೆ ಉಳಿದುಕೊಂಡಿದೆ. ಪದ್ಮಾವತಿ 2020ರ ಆಗಸ್ಟಿನಲ್ಲಿ, 103ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ತಲೆಮಾರಿನ ಅಧ್ಯಯನಗಳು ಬಿಟ್ಟುಹೋದ ಪಾಠ ಸರಳ: ರೋಗಿ ಯಾವ ಮನೆಯಿಂದ, ಯಾವ ಕೆಲಸದಿಂದ, ಯಾವ ಒಲೆಯ ಮುಂದಿನಿಂದ ಎದ್ದು ಬಂದಳೆಂದು ಕೇಳದೆ ಹೃದಯದ ಪರೀಕ್ಷೆ ಮುಗಿಯುವುದಿಲ್ಲ. ಗಡಿನಾಡಿನ ಆರೋಗ್ಯ ಕೇಂದ್ರಗಳಲ್ಲಿ ಆ ಪ್ರಶ್ನೆಯನ್ನು ಆಕೆಯ ಮಾತಿನಲ್ಲೇ ಕೇಳುವಂತಾಗುವುದು ಭಾಷಾ ಹಕ್ಕಿನ ವಿಷಯವೆಂದು ಪರಿಗಣಿತವಾಗಿದೆ. ಅದು ಹೃದ್ರೋಗ ತಡೆಯ ವಿಷಯವೂ ಹೌದು.