ಹಳೇ ಇಂಡಿಗೊ ಕೊಳ್ತೀರಾ? ಡಿಕ್ಕಿ ಇರೋ ಸೆಡಾನೋ, ಮರೀನಾ ವ್ಯಾಗನ್ನೋ: ಸರ್ಜಾಪುರ ಭಾಗದವರಿಗೆ ಪೂರ್ತಿ ಮಾಹಿತಿ

ಸರ್ಜಾಪುರ: ಕಡಿಮೆ ದುಡ್ಡಿಗೆ ದೊಡ್ಡ ಕಾರು ಬೇಕು, ಮನೆಯವರೂ ಕೂರಬೇಕು, ಅಂಗಡಿಯ ನಾಲ್ಕು ಚೀಲವೂ ಹಿಡಿಸಬೇಕು ಅನ್ನೋರ ಕಣ್ಣು ಹಳೇ ಟಾಟಾ ಇಂಡಿಗೊ ಮೇಲೆ ಬೀಳೋದು ಸಹಜ. ಇದೇ ಕಾರು ಎರಡು ರೂಪದಲ್ಲಿ ಬಂದಿತ್ತು. ಒಂದು, ಹಿಂದೆ ಪ್ರತ್ಯೇಕ ಡಿಕ್ಕಿ ಇರುವ ಮಾಮೂಲಿ ಇಂಡಿಗೊ ಸೆಡಾನ್. ಇನ್ನೊಂದು, ಚಾವಣಿ ಕೊನೇತನಕ ಚಾಚಿ, ಹಿಂಬದಿ ಬಾಗಿಲು ಮೇಲಕ್ಕೆ ತೆರೆಯುವ ಇಂಡಿಗೊ ಮರೀನಾ ವ್ಯಾಗನ್. ಎರಡೂ ಈಗ ಹೊಸದಾಗಿ ಸಿಗಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡೂ ಎದುರಾದಾಗ ಯಾವುದನ್ನು ಆರಿಸಬೇಕು, ಕಾಗದಪತ್ರದಲ್ಲಿ ಏನು ನೋಡಬೇಕು, ಅಂಗಡಿ ಸಾಮಾನು ಹಾಕಿದರೆ ವಿಮೆ ಏನಾಗುತ್ತೆ ಎಂಬ ವಿವರ ಇಲ್ಲಿದೆ.

ಎರಡು ಗಾಡಿಯ ಹಿನ್ನೆಲೆ

ಟಾಟಾ ಇಂಡಿಕಾ ಬಂದಿದ್ದು 1998ರ ಕೊನೆಯಲ್ಲಿ. ಅದೇ ತಳಹದಿಯನ್ನು ಸ್ವಲ್ಪ ಉದ್ದ ಮಾಡಿ 2002ರ ಕೊನೆಗೆ ಇಂಡಿಗೊ ಸೆಡಾನ್ ತಂದರು. 2004ರಲ್ಲಿ ಇಂಡಿಗೊ ಮರೀನಾ ಬಂತು. 1.4 ಲೀಟರ್ ಪೆಟ್ರೋಲ್, 1.4 ಲೀಟರ್ ಡೀಸೆಲ್ ಎಂಜಿನ್‌ಗಳು, ಗೇರ್‌ಬಾಕ್ಸ್, ಮುಂದಿನ ಬಾನೆಟ್, ಡ್ಯಾಶ್‌ಬೋರ್ಡ್ ಎಲ್ಲ ಸೆಡಾನ್‌ನದ್ದೇ. ಉದ್ದವೂ ಹೆಚ್ಚೂಕಡಿಮೆ ಅಷ್ಟೇ, ಸುಮಾರು 4.15 ಮೀಟರ್. ಅಂದರೆ ಸೆಡಾನ್ ನಿಲ್ಲಿಸುವ ಜಾಗದಲ್ಲೇ ಮರೀನಾ ಕೂಡ ನಿಲ್ಲುತ್ತೆ.

ವ್ಯಾಗನ್ ಪ್ರಯೋಗ ಟಾಟಾದವರದ್ದು ಮಾತ್ರ ಅಲ್ಲ. ಅದೇ ಕಂಪನಿಯ ಟಾಟಾ ಎಸ್ಟೇಟ್ 1990ರ ದಶಕದಲ್ಲೇ ರಸ್ತೆಗಿಳಿದಿತ್ತು. ಮಾರುತಿ ಬಲೆನೊ ಸೆಡಾನ್‌ಗೆ ಆಲ್ಟುರಾ, ಓಪೆಲ್ ಕೋರ್ಸಾಗೆ ಸ್ವಿಂಗ್, ಸ್ಕೋಡಾ ಆಕ್ಟೇವಿಯಾಗೆ ಕಾಂಬಿ, ಫಿಯೆಟ್ ಸಿಯೆನಾಗೆ ವೀಕೆಂಡ್ ಅಂತ ವ್ಯಾಗನ್ ರೂಪಗಳಿದ್ದವು. ಒಂದೂ ಇಲ್ಲಿ ನೆಲೆ ನಿಲ್ಲಲಿಲ್ಲ. ‘ಡಿಕ್ಕಿ ಇದ್ರೇನೇ ದೊಡ್ಡ ಕಾರು’ ಎನ್ನುವ ಭಾವನೆ ಗಟ್ಟಿಯಾಗಿತ್ತು. 2006ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದ ಮೇಲೆ ಕಂಪನಿಗಳ ಗಮನ ಪೂರ್ತಿ ಅತ್ತ ತಿರುಗಿತು. 2008ರಲ್ಲಿ ಬಂದ ಇಂಡಿಗೊ ಸಿಎಸ್ ಹಿಂಭಾಗ ಕತ್ತರಿಸಿದಂತೆ ಕಾಣುವುದು ಈ 4 ಮೀಟರ್ ಲೆಕ್ಕಕ್ಕೇ.

ಇದರ ಪರಿಣಾಮ ಇವತ್ತಿನ ಗಿರಾಕಿಗೆ ನೇರವಾಗಿ ತಟ್ಟುತ್ತೆ. ಸೆಡಾನ್ ಲೆಕ್ಕವಿಲ್ಲದಷ್ಟು ಓಡಿದೆ, ಟ್ಯಾಕ್ಸಿಗೂ ಹೋಗಿದೆ. ಹೀಗಾಗಿ ಅದರ ಬಿಡಿಭಾಗ ಗುಜರಿಯಲ್ಲೂ ಸಿಗುತ್ತೆ. ಮರೀನಾ ಕಡಿಮೆ ಮಾರಾಟವಾದ ಗಾಡಿ.

ಜಾಗ: ಲೀಟರ್ ಲೆಕ್ಕ ಬಿಡಿ, ಕ್ರೇಟ್ ಲೆಕ್ಕ ಹಾಕಿ

ಸೆಡಾನ್ ಡಿಕ್ಕಿ ಚಿಕ್ಕದೇನಲ್ಲ. ಎರಡು ದೊಡ್ಡ ಸೂಟ್‌ಕೇಸ್, ಮೇಲೆ ನಾಲ್ಕು ಕೈಚೀಲ ಆರಾಮಾಗಿ ಹಿಡಿಸುತ್ತೆ. ತೊಂದರೆ ಇರೋದು ಬಾಯಿಯಲ್ಲಿ. ಡಿಕ್ಕಿ ಒಳಗೆ ಜಾಗ ಇದ್ದರೂ ಅದರ ಬಾಯಿ ತಗ್ಗು. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ಸಾಮಾನ್ಯವಾಗಿ 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ. ಒಂದರ ಮೇಲೊಂದು ಪೇರಿಸಲು ಸೆಡಾನ್‌ನಲ್ಲಿ ಎತ್ತರ ಸಾಲಲ್ಲ. ಫ್ಯಾನ್, ಮಿಕ್ಸಿ ಡಬ್ಬ, ಮಡಿಸಿದ ಗಾಲಿಕುರ್ಚಿ, ಹೊಲಿಗೆ ಯಂತ್ರದಂಥ ಎತ್ತರದ ಸಾಮಾನಿಗೂ ಇದೇ ಕಥೆ.

ಮರೀನಾದಲ್ಲಿ ಹಿಂಬಾಗಿಲು ಪೂರ್ತಿ ಎತ್ತರಕ್ಕೆ ತೆರೆಯುತ್ತೆ. ಹಿಂದಿನ ಸೀಟು ಮಡಚಿದರೆ ಉದ್ದದ ಪೈಪು, ಬಟ್ಟೆಯ ಥಾನು, ಪ್ಲೈವುಡ್ ಪಟ್ಟಿಯೂ ಹೋಗುತ್ತೆ. ಆದರೆ ಸೀಟು ಮಡಚಿದ ಮೇಲೆ ಅದು ಇಬ್ಬರೇ ಕೂರುವ ಗಾಡಿ ಎನ್ನುವುದು ನೆನಪಿರಲಿ.

ಸೆಡಾನ್ ಪರ ಮಾತಾಡುವ ಅಂಶವೂ ಇದೆ. ಡಿಕ್ಕಿಯೊಳಗಿನ ಸಾಮಾನು ಹೊರಗಿನವರಿಗೆ ಕಾಣಲ್ಲ. ದೊಮ್ಮಸಂದ್ರ ಸರ್ಕಲ್ ಹತ್ತಿರವೋ ಸಂತೆ ಪಕ್ಕದಲ್ಲೋ ಗಾಡಿ ನಿಲ್ಲಿಸಿ ಒಂದು ಗಂಟೆ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ. ವ್ಯಾಗನ್‌ನಲ್ಲಿ ಸಾಮಾನು ಗಾಜಿನಿಂದ ನೇರ ಕಾಣುತ್ತೆ. ಮುಚ್ಚುವ ಪರದೆ ಇದ್ದರೆ ಮಾತ್ರ ಮರೆ. ಹದಿನೈದಿಪ್ಪತ್ತು ವರ್ಷದ ಗಾಡಿಯಲ್ಲಿ ಆ ಪರದೆ ಉಳಿದಿದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಿ. ಇನ್ನು ಮೀನು, ಸೊಪ್ಪು, ಗೊಬ್ಬರದ ವಾಸನೆ ವ್ಯಾಗನ್‌ನಲ್ಲಿ ಕೂತವರ ಮೂಗಿಗೇ ಬರುತ್ತೆ, ಸೆಡಾನ್‌ನಲ್ಲಿ ಅಷ್ಟು ಬರಲ್ಲ.

ಅರ್ಧ ಗಂಟೆ ಖರ್ಚು ಮಾಡಿ ಒಂದು ಕೆಲಸ ಮಾಡಿ. ನೀವು ವಾರಕ್ಕೊಮ್ಮೆಯಾದರೂ ಸಾಗಿಸುವ ಅತಿ ದೊಡ್ಡ ವಸ್ತುವನ್ನೇ ತೆಗೆದುಕೊಂಡು ಹೋಗಿ, ಗಾಡಿಯೊಳಗೆ ಇಟ್ಟು ನೋಡಿ. ಹಿಡಿಸಿದರೆ ಸೆಡಾನ್ ಸಾಕು.

ಓಡಿಸಲು ಯಾವುದು ಹಿತ

ಎಂಜಿನ್ ಒಂದೇ ಆದ್ದರಿಂದ ಮೈಲೇಜ್‌ನಲ್ಲಿ ಭಾರೀ ವ್ಯತ್ಯಾಸ ನಿರೀಕ್ಷಿಸಬೇಡಿ. ಗಾಡಿಯ ಸ್ಥಿತಿ, ಟೈರ್ ಗಾಳಿ, ಸರ್ಜಾಪುರ ರಸ್ತೆಯ ಟ್ರಾಫಿಕ್ಕು ಮೈಲೇಜನ್ನು ಬಾಡಿಗಿಂತ ಹೆಚ್ಚು ನಿರ್ಧರಿಸುತ್ತವೆ.

ಸದ್ದಿನ ವಿಚಾರದಲ್ಲಿ ಸೆಡಾನ್ ಮೇಲು. ಸೆಡಾನ್‌ನಲ್ಲಿ ಸೀಟಿಗೂ ಡಿಕ್ಕಿಗೂ ನಡುವೆ ಗೋಡೆ ಇರುತ್ತೆ. ಹಿಂದಿನ ಚಕ್ರದ ಸದ್ದು ಅಲ್ಲೇ ತಡೆಯುತ್ತೆ. ವ್ಯಾಗನ್ ಒಳಗೆ ಎಲ್ಲ ಒಂದೇ ಕೋಣೆ. ಗುಂಡಿ, ಹಂಪ್ ಹಾರಿದಾಗ ಹಿಂಬಾಗಿಲು, ಸ್ಟೆಪ್ನಿ, ಜಾಕ್ ಎಲ್ಲ ಸೇರಿ ಗುಡುಗುತ್ತವೆ. ಬೇಸಿಗೆಯಲ್ಲಿ ಎಸಿ ತಂಪಾಗಿಸಬೇಕಾದ ಜಾಗವೂ ವ್ಯಾಗನ್‌ನಲ್ಲಿ ಜಾಸ್ತಿ. ಹಳೇ ಕಂಪ್ರೆಸರ್ ಇದ್ದರೆ ಹಿಂದೆ ಕೂತವರಿಗೆ ತಂಪು ತಡವಾಗಿ ತಲುಪುತ್ತೆ.

ಭಾರ ಹೇರಿದಾಗ ಎರಡೂ ಹಿಂದಕ್ಕೆ ಕುಸಿಯುತ್ತವೆ. ಸಸ್ಪೆನ್ಷನ್ ಬುಷ್ ಹೋಗಿದ್ದರೆ ಹಂಪ್ ಮೇಲೆ ತಳ ತಾಗುತ್ತೆ. ವ್ಯಾಗನ್‌ನಲ್ಲಿ ಜಾಗ ಇದೆ ಅಂತ ಜನ ಹೆಚ್ಚು ಹೇರುತ್ತಾರೆ, ಆದ್ದರಿಂದ ಅದರ ಹಿಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಬೇಗ ದಣಿದಿರುವ ಸಾಧ್ಯತೆ ಹೆಚ್ಚು. ಬ್ರೇಕ್ ಹಾಕಿದಾಗ ಹಿಂದಿನ ಸಾಮಾನು ನೇರ ತಲೆಗೆ ಬಾರದಂತೆ ಹಗ್ಗ ಕಟ್ಟುವುದು, ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಪೇರಿಸದಿರುವುದು ವ್ಯಾಗನ್ ಮಾಲೀಕರು ರೂಢಿ ಮಾಡಿಕೊಳ್ಳಲೇಬೇಕು.

ಗ್ಯಾರೇಜ್‌ನಲ್ಲಿ ಏನು ನೋಡಬೇಕು

ಎರಡಕ್ಕೂ ಸಾಮಾನ್ಯವಾದದ್ದು: ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದರು ಎಂಬುದಕ್ಕೆ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ಲೆಕ್ಕ ಹಾಕಿ, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ. ಓಡುವಾಗ ಬೆಲ್ಟ್ ತುಂಡಾದರೆ ಎಂಜಿನ್ ಕೆಲಸ ಬೀಳುತ್ತೆ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಹೊಗೆ ನೋಡಿ. ಕ್ಲಚ್, ಸ್ಟೀರಿಂಗ್, ಕೂಲೆಂಟ್ ಸೋರಿಕೆ ಗಮನಿಸಿ.

ಪೆಟ್ರೋಲ್ ಗಾಡಿಯಾದರೆ ಇನ್ನೊಂದು ಮಾತು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಆ ಕಾಲದ ಗಾಡಿಗಳು ಇದಕ್ಕೆಂದು ತಯಾರಾದವಲ್ಲ. ಇಂಧನ ಪೈಪು, ರಬ್ಬರ್ ಸೀಲುಗಳು ಬಿರುಕು ಬಿಟ್ಟಿವೆಯಾ, ಪೆಟ್ರೋಲ್ ವಾಸನೆ ಬರುತ್ತಾ ಎಂದು ಮೆಕ್ಯಾನಿಕ್ ಕೈಲಿ ಪರೀಕ್ಷೆ ಮಾಡಿಸಿ.

ಮರೀನಾದಲ್ಲಿ ವಿಶೇಷವಾಗಿ: ಹಿಂಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಬಲವಾಗಿದೆಯಾ ನೋಡಿ. ಬಲ ಹೋಗಿದ್ದರೆ ಸಾಮಾನು ಇಳಿಸುವಾಗ ಬಾಗಿಲು ತಲೆ ಮೇಲೆ ಬೀಳುತ್ತೆ. ಹಿಂಬದಿ ವೈಪರ್ ಓಡುತ್ತಾ, ಬಾಗಿಲ ಸುತ್ತಲಿನ ರಬ್ಬರ್ ಸರಿ ಇದೆಯಾ, ನೆಲಹಾಸು ಎತ್ತಿದರೆ ಕೆಳಗೆ ನೀರು ನಿಂತ ಗುರುತು, ತುಕ್ಕು ಇದೆಯಾ ಪರೀಕ್ಷಿಸಿ. ಹಿಂದಿನ ಗಾಜು, ಹಿಂಬಾಗಿಲು, ಹಿಂದಿನ ದೀಪ, ಪಕ್ಕದ ಉದ್ದ ಗಾಜು ಮರೀನಾಗೆ ಮಾತ್ರ ಸೇರಿದವು. ಸೆಡಾನ್‌ನದ್ದು ಹೊಂದಲ್ಲ. ಇವುಗಳಲ್ಲಿ ಒಂದು ಒಡೆದಿದ್ದರೂ, ಅದು ಸಿಗುತ್ತಾ ಅಂತ ಖಾತ್ರಿ ಮಾಡಿಕೊಳ್ಳುವ ತನಕ ಅಡ್ವಾನ್ಸ್ ಕೊಡಬೇಡಿ. ಎಂಜಿನ್ ಭಾಗಕ್ಕೆ ಹೆದರಬೇಕಿಲ್ಲ, ಅದು ಸೆಡಾನ್ ಜೊತೆ ಹಂಚಿಕೊಂಡದ್ದು.

ಸೆಡಾನ್‌ನಲ್ಲಿ ವಿಶೇಷವಾಗಿ: ಹಿಂದೆ ಟ್ಯಾಕ್ಸಿಯಾಗಿ ಓಡಿ ಬಿಳಿ ಬೋರ್ಡ್‌ಗೆ ಬದಲಾಗಿದೆಯಾ ಅಂತ ಆರ್‌ಸಿ ಇತಿಹಾಸ ನೋಡಿ. ಮೀಟರ್ ಕಡಿಮೆ ತೋರಿಸಿ, ಸ್ಟೀರಿಂಗ್ ಸವೆದು ನುಣುಪಾಗಿದ್ದರೆ, ಪೆಡಲ್ ರಬ್ಬರ್ ಸವೆದಿದ್ದರೆ ಅನುಮಾನ ಪಡಿ. ಗ್ಯಾಸ್ ಕಿಟ್ ಹಾಕಿಸಿದ್ದರೆ ಸಿಲಿಂಡರ್ ಡಿಕ್ಕಿಯ ಅರ್ಧ ನುಂಗಿರುತ್ತೆ. ಕಿಟ್ ವಿವರ ಆರ್‌ಸಿಯಲ್ಲಿ ನಮೂದಾಗಿರಬೇಕು. ಸಿಎನ್‌ಜಿ ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯ.

ಅಂಗಡಿಯವರು ಓದಲೇಬೇಕಾದ್ದು: ವಿಮೆ

ವ್ಯಾಗನ್ ಕೊಳ್ಳುವ ಬಹುಪಾಲು ವ್ಯಾಪಾರಿಗಳ ಲೆಕ್ಕ ಸರಳ. ‘ಮನೆ ಕಾರೂ ಆಯ್ತು, ಅಂಗಡಿ ಗಾಡಿಯೂ ಆಯ್ತು.’ ಎಡವೋದು ಇಲ್ಲೇ.

ಖಾಸಗಿ ಕಾರಿನ ವಿಮಾ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಭಾಗ ಇರುತ್ತೆ. ಬಾಡಿಗೆಗೆ ಓಡಿಸುವುದು, ಮತ್ತು ಸ್ಯಾಂಪಲ್ ಅಥವಾ ಸ್ವಂತ ಲಗೇಜ್ ಬಿಟ್ಟು ಬೇರೆ ಸರಕು ಸಾಗಿಸುವುದು ಈ ಪಾಲಿಸಿ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಲ್ಲಿ ಬರೆದಿರುತ್ತೆ. ಮೋಟಾರು ವಾಹನ ಕಾಯ್ದೆಯೂ ಸರಕಿಗೆಂದೇ ತಯಾರಾಗದ ಗಾಡಿಯನ್ನು ಸರಕು ಸಾಗಿಸಲು ಬಳಸಿದರೆ ಅದನ್ನು ಸರಕು ವಾಹನ ಎಂದೇ ಪರಿಗಣಿಸುತ್ತದೆ. ಸಿಂಗೇನ ಅಗ್ರಹಾರದ ಮಾರುಕಟ್ಟೆಯಿಂದ ದಿನಾ ಹಣ್ಣಿನ ಕ್ರೇಟ್ ತುಂಬಿಕೊಂಡು ಬರುವಾಗ ಅಪಘಾತವಾದರೆ, ವಿಮೆ ಕಂಪನಿ ಇದನ್ನೇ ಹಿಡಿದು ತಕರಾರು ತೆಗೆಯಬಹುದು. ಎದುರಿನವರಿಗೆ ಪೆಟ್ಟಾಗಿದ್ದರೆ ಪರಿಹಾರದ ಹೊರೆ ಕೊನೆಗೆ ಮಾಲೀಕನ ತಲೆಗೇ ಬರುವ ಅಪಾಯವಿದೆ. ಗಾಡಿಯಲ್ಲಿ ಉಳಿಸಿದ ಹಣದ ಎಷ್ಟೋ ಪಟ್ಟು ಅಲ್ಲಿ ಹೋಗುತ್ತೆ.

ಸರಕಿಗಾಗಿ ಹಿಂದಿನ ಸೀಟನ್ನು ಶಾಶ್ವತವಾಗಿ ತೆಗೆಸುವುದೂ ಸರಿಯಲ್ಲ. ಆರ್‌ಸಿಯಲ್ಲಿರುವ ಆಸನ ಸಂಖ್ಯೆಗೂ ಗಾಡಿಗೂ ತಾಳೆಯಾಗದಿದ್ದರೆ ಅದು ಅನುಮತಿ ಇಲ್ಲದ ಮಾರ್ಪಾಡು.

ಒಟ್ಟಿನಲ್ಲಿ, ಮನೆ ಸಾಮಾನು, ಊರಿಗೆ ಹೋಗುವ ಲಗೇಜು, ತೋಟದಿಂದ ಮನೆಗೆ ಎರಡು ಮೂಟೆ ಅಂದ್ರೆ ವ್ಯಾಗನ್ ಸರಿ. ದಿನವೂ ಮಾರಾಟದ ಸರಕು ಅಂದ್ರೆ ಹಳದಿ ಬೋರ್ಡಿನ ಸಣ್ಣ ಸರಕು ವಾಹನವೇ ಸರಿ. ಅನುಮಾನ ಇದ್ದರೆ ಪಾಲಿಸಿ ಮಾಡಿಸುವ ಮೊದಲೇ ಏಜೆಂಟರನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಖರ್ಚಿನ ಲೆಕ್ಕ

ಥರ್ಡ್ ಪಾರ್ಟಿ ವಿಮೆ: 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1000ದಿಂದ 1500 ಸಿಸಿ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂ., 1500 ಸಿಸಿ ಮೀರಿದರೆ 7,897 ರೂ. (ತೆರಿಗೆ ಪ್ರತ್ಯೇಕ). ಇಂಡಿಗೊ, ಮರೀನಾ ಎರಡೂ 1.4 ಲೀಟರ್ ಆದ್ದರಿಂದ ಮೊದಲ ಗುಂಪಿಗೆ ಸೇರುತ್ತವೆ. ಬಲೆನೊ ಆಲ್ಟುರಾದ್ದು 1.6 ಲೀಟರ್ ಎಂಜಿನ್. ಅದಕ್ಕೆ ದುಪ್ಪಟ್ಟಿಗಿಂತ ಹೆಚ್ಚು. ‘ಅದೇ ಥರದ ಗಾಡಿ, ಕಡಿಮೆ ಬೆಲೆ’ ಅಂತ ಹೋಗುವವರು ಇದನ್ನು ಮರೆಯಬಾರದು.

ಆರ್‌ಸಿ ನವೀಕರಣ: ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ನೋಂದಣಿ ನವೀಕರಿಸಬೇಕು, ನಂತರ ಪ್ರತಿ 5 ವರ್ಷಕ್ಕೊಮ್ಮೆ. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600 ರೂ.ನಿಂದ 5,000 ರೂ.ಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರಿಗೆ 10,000 ರೂ. ನಿಗದಿಯಾಯಿತು. ಹಸಿರು ತೆರಿಗೆ ಬೇರೆ. ತಡವಾದರೆ ದಂಡವೂ ಸೇರುತ್ತೆ. ಮೊದಲ ವರ್ಷಗಳ ಇಂಡಿಗೊ, ಮರೀನಾಗಳು ಈಗಾಗಲೇ 20 ದಾಟಿವೆ. ಹೀಗಾಗಿ ನವೀಕರಣ ಮುಗಿದಿರುವ ಗಾಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ದೆಹಲಿ ಭಾಗದ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ನಿರ್ಬಂಧ ಕರ್ನಾಟಕದಲ್ಲಿಲ್ಲ. ಆದರೆ ಫಿಟ್‌ನೆಸ್ ಪರೀಕ್ಷೆ ಪಾಸಾಗಲೇಬೇಕು. ಬಿಎಸ್-4ಕ್ಕಿಂತ ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ ಪ್ರಮಾಣಪತ್ರ ಬೇಕು.

ಹೊಸೂರು ನಂಬರ್ ಗಾಡಿ ಅಗ್ಗ ಯಾಕೆ?

ಸರ್ಜಾಪುರದಿಂದ ಬಾಗಲೂರು, ಹೊಸೂರು ದೂರವೇನಲ್ಲ. ಟಿಎನ್-70 ನಂಬರಿನ ಹಳೇ ಕಾರು ಕಡಿಮೆಗೆ ಸಿಗುತ್ತೆ ಅಂತ ತರುವವರಿದ್ದಾರೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಮಾಡಿಸಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ನಮೂನೆ 28ರ ಎನ್ಒಸಿ ಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. ಇದೆಲ್ಲ ಕೂಡಿಸಿದರೆ ‘ಅಗ್ಗ’ ಎಷ್ಟು ಉಳಿಯುತ್ತೆ ಅಂತ ಮೊದಲೇ ಲೆಕ್ಕ ಹಾಕಿ.

ಇಲ್ಲಿಯ ಗಾಡಿಯಾದರೂ ನಮೂನೆ 29, 30ಕ್ಕೆ ಸಹಿ ಪಡೆಯಿರಿ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಾಲ ಇದ್ದ ಗಾಡಿಗೆ ನಮೂನೆ 35 ಮತ್ತು ಬ್ಯಾಂಕಿನ ಪತ್ರ ಬೇಕು. ಬಾಕಿ ಚಲನ್, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್, ಚಾಸಿ ನಂಬರ್, ಆರ್‌ಸಿಯಲ್ಲಿ ನಮೂದಾದ ಬಾಡಿ ವಿಧ ಎಲ್ಲ ಗಾಡಿಗೆ ತಾಳೆಯಾಗುತ್ತಾ ನೋಡಿ.

ಯಾರಿಗೆ ಯಾವುದು?

ಸೆಡಾನ್ ಆರಿಸಿ: ಗಾಡಿಯಲ್ಲಿ ಯಾವಾಗಲೂ ನಾಲ್ಕೈದು ಜನ ಕೂರುವವರಾದರೆ, ರಸ್ತೆಬದಿ ನಿಲ್ಲಿಸುವವರಾದರೆ, ಬಿಡಿಭಾಗಕ್ಕೆ ಅಲೆಯಲು ಪುರುಸೊತ್ತಿಲ್ಲದಿದ್ದರೆ, ಎರಡು ಮೂರು ವರ್ಷದಲ್ಲಿ ಮಾರುವ ಯೋಚನೆ ಇದ್ದರೆ.

ಮರೀನಾ ಆರಿಸಿ: ಎತ್ತರದ, ಉದ್ದದ ಸ್ವಂತ ಸಾಮಾನು ಆಗಾಗ ಸಾಗಿಸಬೇಕಿದ್ದರೆ, ಮನೆಯಲ್ಲಿ ಗಾಲಿಕುರ್ಚಿ ಬಳಸುವವರಿದ್ದರೆ, ಗಾಡಿಯನ್ನು ಕೊನೇತನಕ ಇಟ್ಟುಕೊಳ್ಳುವ ಮನಸ್ಸಿದ್ದರೆ, ಹಿಂಬದಿ ಗಾಜು-ಬಾಗಿಲು ಎಲ್ಲ ಸುಸ್ಥಿತಿಯಲ್ಲಿರುವ ಗಾಡಿ ಸಿಕ್ಕಿದ್ದರೆ. ಮಾರುವಾಗ ಗಿರಾಕಿ ಕಡಿಮೆ ಎನ್ನುವುದೇ ಕೊಳ್ಳುವಾಗ ಚೌಕಾಸಿಗೆ ನಿಮ್ಮ ಕೈಲಿರುವ ಅಸ್ತ್ರ.

ಎರಡೂ ಎದುರಿಗಿದ್ದು, ಸೆಡಾನ್ ಒಳ್ಳೇ ಸ್ಥಿತಿಯಲ್ಲಿದ್ದು ಮರೀನಾ ಸುಮಾರಾಗಿದ್ದರೆ ಸೆಡಾನ್ ತಗೊಳ್ಳಿ. ಇಷ್ಟು ಹಳೇ ಗಾಡಿಯಲ್ಲಿ ಬಾಡಿ ಆಕಾರಕ್ಕಿಂತ ಹಿಂದಿನ ಮಾಲೀಕ ಹೇಗೆ ನೋಡಿಕೊಂಡಿದ್ದ ಎನ್ನುವುದೇ ಹೆಚ್ಚು ದಿನ ಬಾಳಿಕೆ ಬರುತ್ತೆ.