ಬ್ಯಾರ, ಬಾಕಿ ಮತ್ತು ಮಕ್ತಲ್ ದಾರಿಯ ಮಗ್ಗಗಳು

ತುಳುವಿನಲ್ಲಿ 'ಬ್ಯಾರ' ಎಂದರೆ ವ್ಯಾಪಾರ. ಬ್ಯಾರ ಮಾಡುವವನು ಬ್ಯಾರಿ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಈ ಮಾತಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಇರಲಿ. ನಮ್ಮ ಮನೆಗಳಲ್ಲಿ ಅನ್ನ ಬೆಂದದ್ದು ಬಹುಪಾಲು ವ್ಯಾಪಾರದಿಂದಲೇ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಹಾಗಾಗಿ ಜಗತ್ತನ್ನು ಸರಿಪಡಿಸುವುದರಲ್ಲಿ ವ್ಯಾಪಾರಿಯ ಪಾಲೇನು ಎಂಬ ಪ್ರಶ್ನೆಗೆ ನಾವೂ ಉತ್ತರ ಕೊಡಬೇಕಾಗುತ್ತದೆ.

2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ 193 ದೇಶಗಳು 2030ರೊಳಗೆ ಮುಟ್ಟಬೇಕಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. ಬಡತನ ನಿವಾರಣೆ, ಮಹಿಳೆಯರ ಸಮಾನತೆ, ಗೌರವದ ದುಡಿಮೆ, ಹೊಣೆಯರಿತ ಉತ್ಪಾದನೆ ಮತ್ತು ಬಳಕೆ ಆ ಪಟ್ಟಿಯಲ್ಲಿವೆ. ಇವನ್ನು ಓದಿದಾಗ ನನಗೆ ನೆನಪಾಗುವುದು ನ್ಯೂಯಾರ್ಕ್ ಅಲ್ಲ, ಮಕ್ತಲ್.

ರಾಯಚೂರಿನಿಂದ ಕೃಷ್ಣಾ ಹೊಳೆ ದಾಟಿ ಮೆಹಬೂಬ್‌ನಗರದ ಕಡೆ ಹೊರಟರೆ ದಾರಿಯಲ್ಲಿ ಸಿಗುವ ಊರು ಮಕ್ತಲ್. ಒಂದು ಕಡೆ ನಾರಾಯಣಪೇಟೆ, ಇನ್ನೊಂದು ಕಡೆ ಗದ್ವಾಲ್. ಈ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದ ನೆಲ. ಗದ್ವಾಲ್, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. 2019ರಲ್ಲಿ ನಾರಾಯಣಪೇಟೆ ಹೊಸ ಜಿಲ್ಲೆಯಾದಾಗ ಮಕ್ತಲ್ ಅದಕ್ಕೆ ಸೇರಿತು. ಗಡಿಗಳು ಇಷ್ಟೆಲ್ಲ ಬದಲಾದರೂ ಮಗ್ಗದ ನಂಟು ಬದಲಾಗಲಿಲ್ಲ.

ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಒಡಲಿನ ಹೊಕ್ಕುನೂಲನ್ನೂ ಅಂಚಿನ ಹೊಕ್ಕುನೂಲನ್ನೂ ಬೇರೆ ಬೇರೆ ಲಾಳಿಗಳಲ್ಲಿ ಹಾಕಿ, ಸೇರುವ ಜಾಗದಲ್ಲಿ ಒಂದಕ್ಕೊಂದು ಕೊಂಡಿ ಹಾಕುತ್ತಾರೆ. ನಾರಾಯಣಪೇಟೆ ಸೀರೆ ಚೌಕುಳಿಗೆ, ದಟ್ಟ ಬಣ್ಣದ ಅಂಚಿಗೆ ಹೆಸರಾದದ್ದು. ಶಿವಾಜಿಯ ದಂಡು ಇಲ್ಲಿ ಬೀಡುಬಿಟ್ಟಾಗ ಹಿಂದೆ ಉಳಿದ ನೇಕಾರರೇ ಇದನ್ನು ಶುರುಮಾಡಿದರು ಎಂಬುದು ಊರವರ ಐತಿಹ್ಯ. ಎರಡೂ ಸೀರೆಗಳಿಗೆ ಈಗ ಭೌಗೋಳಿಕ ಗುರುತಿನ ಕಾನೂನಿನ ರಕ್ಷಣೆಯಿದೆ.

ಉಪ್ಪನ ಜವಳಿ ಅಂಗಡಿಯಲ್ಲಿ 'ನಾರಾಯಣಪೇಟೆ' ಎಂಬ ಹೆಸರನ್ನು ನಾನು ಮೊದಲು ಓದಿದ್ದು ಸೀರೆಯ ಮೇಲಲ್ಲ, ಬಾಕಿ ಪುಸ್ತಕದಲ್ಲಿ. ಸಗಟು ವ್ಯಾಪಾರಿ ಹಣ ಕೇಳಿ ಕಾಗದ ಬರೆದರೆ "ಪೆರ್ನಾಳ್ ಕಳೆಯಲಿ" ಎಂದು ಉತ್ತರ ಹೋಗುತ್ತಿತ್ತು. ಉಪ್ಪ ಮೋಸಗಾರರಲ್ಲ, ಪೇಟೆಯ ರೂಢಿಯೇ ಹಾಗಿತ್ತು. ಎಷ್ಟೋ ವರ್ಷದ ಮೇಲೆ ಆ ಕಡೆಯ ಊರೊಂದರಲ್ಲಿ ಕುಣಿಮಗ್ಗದ ಮುಂದೆ ಕೂತಿದ್ದ ಹೆಂಗಸೊಬ್ಬರನ್ನು, ಕೂಲಿ ಯಾವಾಗ ಸಿಗುತ್ತದೆ ಎಂದು ಕೇಳಿದೆ. "ಮ್ಯಾಲಿನವರು ಕೊಟ್ಟಾಗ," ಎಂದರು. ಆ 'ಮ್ಯಾಲಿನವರ' ಸಾಲಿನ ಕೊನೆಯಲ್ಲಿ ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆ ಇತ್ತು ಎಂದು ನನಗೆ ಹೊಳೆದದ್ದು ಆಗಲೇ.

ಲೆಕ್ಕ ಸರಳ. ನೂಲು, ಬಣ್ಣ, ನಮೂನೆ ಕೊಡುವವನು ಸಾಹುಕಾರ. ನೇಯುವವರಿಗೆ ಸೀರೆಗಿಷ್ಟು ಎಂದು ಕೂಲಿ. ಅಂಗಡಿ ತಡಮಾಡಿದರೆ ಸಗಟಿನವನು ತಡಮಾಡುತ್ತಾನೆ, ಅವನಿಂದ ಸಾಹುಕಾರ, ಸಾಹುಕಾರನಿಂದ ನೇಕಾರ. ಮೇಲಿನವರಿಗೆ ಅದು ಬರೀ ಬಾಕಿ. ಕೊನೆಯವರ ಮನೆಯಲ್ಲಿ ಅದೇ ಬಡ್ಡಿಯ ಸಾಲವಾಗುತ್ತದೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಮಂದಿ ನೇಯ್ಗೆ ಮತ್ತು ಅದರ ಪೂರಕ ಕೆಲಸದಲ್ಲಿದ್ದಾರೆ, ಅವರಲ್ಲಿ ಶೇ. 70ಕ್ಕಿಂತ ಹೆಚ್ಚು ಮಹಿಳೆಯರು. ತಡವಾದ ಹಣದ ಭಾರ ಹೆಚ್ಚಾಗಿ ಬೀಳುವುದು ಯಾರ ಮೇಲೆ ಎಂದು ಬೇರೆ ಹೇಳಬೇಕಿಲ್ಲ.

ಸರಕಾರ ಕಾನೂನು ಮಾಡಿಲ್ಲ ಎಂದಲ್ಲ. 1985ರ ಕಾಯ್ದೆ ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. 2013ರ ಕಂಪೆನಿ ಕಾಯ್ದೆ ದೊಡ್ಡ ಕಂಪೆನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆನ್ನುತ್ತದೆ. ನಮ್ಮಂಥ ಅಂಗಡಿಗಳಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಬುಡಕ್ಕೆ ಬರುವುದು 2006ರ ಸಣ್ಣ ಉದ್ದಿಮೆಗಳ ಕಾಯ್ದೆ. ನೋಂದಾಯಿತ ಸಣ್ಣ ಉತ್ಪಾದಕರಿಂದ ಸರಕು ಕೊಂಡವರು, ಬರಹದ ಕರಾರಿದ್ದರೂ 45 ದಿನದೊಳಗೆ ಹಣ ಕೊಡಲೇಬೇಕು. 2023-24ರ ಲೆಕ್ಕದಿಂದ ಆದಾಯ ತೆರಿಗೆಯವರೂ ಬಿಗಿ ಮಾಡಿದ್ದಾರೆ. ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಆದರೆ ಸಾಹುಕಾರನ ಕೈಕೆಳಗೆ ಕೂಲಿಗೆ ನೇಯುವ ಹೆಂಗಸಿಗೆ ಇಂಥ ನೋಂದಣಿ ಎಲ್ಲಿಂದ ಬರಬೇಕು? ಕಾನೂನು ಮುಟ್ಟದ ಆ ಕೊನೆಯ ಮೆಟ್ಟಿಲನ್ನು ವ್ಯಾಪಾರಿಯ ನಿಯತ್ತೇ ಮುಟ್ಟಬೇಕು.

ಇದಕ್ಕೆ ದೂರದ ಮಕ್ತಲ್‌ಗೇ ಹೋಗಬೇಕಿಲ್ಲ. ನಮ್ಮ ಕರಾವಳಿಯ ಉಡುಪಿ ಸೀರೆಯೂ ನಿಂತುಹೋಗುವ ಹಂತಕ್ಕೆ ಬಂದಿತ್ತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘ ಮತ್ತು ಕದಿಕೆ ಟ್ರಸ್ಟ್ ಸೇರಿ ಅದಕ್ಕೆ ಮತ್ತೆ ಜೀವ ಕೊಟ್ಟವು. ನೇಯುವವರಿಗೆ ಹೆಚ್ಚು ದುಡ್ಡು ಸಿಗುವಂತಾದಾಗ, ಮಗ್ಗ ಬಿಟ್ಟವರೂ ತಿರುಗಿ ಬಂದರು.

ಕೂಲಿಯನ್ನು ತಡಮಾಡಬಾರದು ಎಂಬ ಪಾಠ ನಮಗೆ ಹೊಸದಲ್ಲ, ಮದ್ರಸದಲ್ಲೇ ಕಲಿತದ್ದು. ನಾವು ಝಕಾತ್ ಲೆಕ್ಕ ಹಾಕುತ್ತೇವೆ, ಸದಕ ಕೊಡುತ್ತೇವೆ. ಅದರ ಜೊತೆಗೆ ಬಾಕಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಬೇಕು. ದಾನ ನಮ್ಮ ಹಣ, ಬಾಕಿ ಅವರ ಹಣ. ಉಪ್ಪ ತೀರಿಕೊಂಡ ಮೇಲೆ ಅಂಗಡಿ ಅಣ್ಣನ ಕೈಗೆ ಬಂದಿದೆ. ಈ ವರ್ಷದಿಂದ ನೇಯ್ಗೆಯವರ ಬಿಲ್ಲನ್ನು ಪೆರ್ನಾಳ್‌ಗಿಂತ ಮೊದಲೇ ತೀರಿಸುವುದೆಂದು ಮಾತಾಡಿಕೊಂಡಿದ್ದೇವೆ. 17 ಗುರಿಗಳಲ್ಲಿ ನಮ್ಮ ಕೈಗೆ ಎಟಕುವುದು ಇಷ್ಟು. ನಿಮ್ಮ ಅಂಗಡಿಯಲ್ಲೂ ಒಂದು ಬಾಕಿ ಪುಸ್ತಕ ಇದ್ದೇ ಇರುತ್ತದಲ್ಲ?