ಹೊನ್ನಾವರದಲ್ಲಿ ಪೋರ್ತುಗೀಜರ ಕೋಟೆಯೂ ಅದರ ಆಡಳಿತವೂ

ಕನ್ನಡ ಕರಾವಳಿಯ ಚರಿತ್ರೆಯನ್ನು ಬರೆಯುವವರು ‘ಪೋರ್ತುಗೀಜರ ಕಾಲ’ ಎಂಬ ಮಾತನ್ನು ಬಳಸುವುದು ರೂಢಿಯಾಗಿದೆ. ಆ ಮಾತಿನಿಂದ ಭಟ್ಕಳ, ಹೊನ್ನಾವರ, ಕುಮಟೆಗಳ ನಾಡೆಲ್ಲವೂ ಒಂದು ಕಾಲದಲ್ಲಿ ಅವರ ಆಳ್ವಿಕೆಗೆ ಒಳಪಟ್ಟಿತ್ತೆಂಬ ಭಾವನೆಯುಂಟಾಗುತ್ತದೆ. ವಸ್ತುಸ್ಥಿತಿಯು ಹಾಗಿಲ್ಲ. ಈ ಮೂರು ಸ್ಥಳಗಳಲ್ಲಿ ಅವರು ತಮ್ಮ ಪಟ್ಟಣವನ್ನು ನೆಲೆಗೊಳಿಸಿ ಆಳಿದುದು ಹೊನ್ನಾವರವೊಂದನ್ನೇ. ಅದೂ 1569ರಿಂದ 1654ರವರೆಗೆ, ಎಂಭತ್ತೈದು ವರ್ಷಗಳ ಕಾಲ ಮಾತ್ರ. ಆ ಪಟ್ಟಣವು ಯಾವ ಬಲದಿಂದ ನಿಂತಿತು, ಯಾವ ಕೊರತೆಯಿಂದ ಅಳಿಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. ವಿಜಯನಗರಕ್ಕೆ ಭಟ್ಕಳವು ಮುಖ್ಯ ರೇವುಗಳಲ್ಲೊಂದಾಗಿತ್ತು. ಹುರ್ಮುಜಿನಿಂದ ಕುದುರೆಗಳು ಅಲ್ಲಿ ಬಂದಿಳಿಯುತ್ತಿದ್ದುವು. ಅಕ್ಕಿ, ಸಕ್ಕರೆ, ಕಬ್ಬಿಣ ಅಲ್ಲಿಂದ ಹೊರಡುತ್ತಿದ್ದುವು. 1502ರಲ್ಲಿ ವಾಸ್ಕೋ ಡ ಗಾಮನು ಈ ರೇವಿನ ಮೇಲೆ ಬಿದ್ದು ಕಪ್ಪವನ್ನು ಕಟ್ಟಿಸಿದನು. ನಾವಿಕರಿಗಾಗಿ ವರ್ಷಕ್ಕೆ 1000 ಹೇರು ಅಕ್ಕಿ, ನಾಯಕರಿಗಾಗಿ 500 ಹೇರು ಉತ್ತಮವಾದ ಅಕ್ಕಿ ಎಂದು ಗಾಸ್ಪಾರ್ ಕೊರೆಯ ಎಂಬ ಚರಿತ್ರಕಾರನು ಬರೆದಿದ್ದಾನೆ. ಮೊತ್ತಮೊದಲಿನ ಕಪ್ಪವು ಹೊನ್ನಿನ ರೂಪದಲ್ಲಿರದೆ ಅಕ್ಕಿಯ ರೂಪದಲ್ಲಿದ್ದುದನ್ನು ವಾಚಕರು ಗಮನಿಸಬೇಕು. 1505ರಲ್ಲಿ ಆಲ್ಮೇಡನು ಹೊನ್ನಾವರದ ಹಡಗುಗಳನ್ನು ಸುಟ್ಟನು. ಅದೇ ಹೊನ್ನಾವರದ ನೌಕಾನಾಯಕನೂ ಪೋರ್ತುಗೀಜರು ‘ತಿಮೋಜ’ ಎಂದು ಕರೆದವನೂ ಆದ ಪುರುಷನು 1510ರಲ್ಲಿ ಅಲ್ಬುಕರ್ಕನನ್ನು ಗೋವೆಯ ಮೇಲೆ ಹೋಗುವಂತೆ ಪ್ರೇರಿಸಿದನು. 1542ರಲ್ಲಿ ಮಾರ್ತಿಂ ಅಫೊನ್ಸೊ ದ ಸೋಜನು ಭಟ್ಕಳವನ್ನು ಸೂರೆಮಾಡಿದನು. ಇಷ್ಟೆಲ್ಲ ನಡೆದರೂ ಈ ತೀರದಲ್ಲಿ ಅವರಿಗೆ ಸ್ವಂತ ಊರೆಂಬುದಿರಲಿಲ್ಲ.

1565ರಲ್ಲಿ ವಿಜಯನಗರದ ಬಲವು ಮುರಿದ ಮೇಲೆ ಸಂದರ್ಭವು ಒದಗಿತು. 1568ರಲ್ಲಿ ಮಂಗಳೂರಿನಲ್ಲಿ ಅವರ ಕೋಟೆಯೆದ್ದಿತು. ಮರುವರ್ಷ ವೈಸರಾಯಿ ಲುಯಿಸ್ ದ ಅತಾಯಿದೆಯು ಹೊನ್ನಾವರವನ್ನೂ ಬಸರೂರನ್ನೂ ಹಿಡಿದನು. ಹೊನ್ನಾವರವು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಸೀಮೆಗೆ ಸೇರಿದ್ದಿತು. 1570ರಲ್ಲಿ ಬಿಜಾಪುರದ ಕುಮ್ಮಕ್ಕಿನಿಂದ ಆಕೆಯ ಕಡೆಯವರು ಕೋಟೆಗೆ ಮುತ್ತಿಗೆ ಹಾಕಿದರೂ ಫಲಿಸಲಿಲ್ಲ. ಸಮುದ್ರಮಾರ್ಗವು ತೆರೆದಿದ್ದುದರಿಂದ ಗೋವೆಯ ಸಹಾಯವು ಹಡಗುಗಳಲ್ಲಿ ಬಂದು ಮುಟ್ಟಿತು.

ಇನ್ನು ಆಡಳಿತದ ವಿಚಾರ. ಪೋರ್ತುಗೀಜರ ದೊಡ್ಡ ನಗರಗಳಲ್ಲಿ ‘ಕಾಮರ’ ಎಂಬ ಪೌರಸಭೆಯಿರುತ್ತಿತ್ತು. ಗೋವೆಯ ಸಭೆಗೆ ಲಿಸ್ಬನ್ ನಗರದ ಸಭೆಯೇ ಮಾದರಿ. ಕೊಚ್ಚಿಗೆ ಎವೋರದ ಹಕ್ಕುಗಳು ದೊರೆತಿದ್ದುವು. ನ್ಯಾಯಾಧಿಕಾರಿಗಳು, ಸಭಾಸದರು, ನಗರದ ಪ್ರತಿನಿಧಿ ಇವರು ಕೂಡಿ ಸಂತೆಯ ಧಾರಣೆ, ಬೀದಿಯ ನೈರ್ಮಲ್ಯ, ಸಣ್ಣ ವ್ಯಾಜ್ಯ ಮುಂತಾದುವನ್ನು ನೋಡಿಕೊಳ್ಳುತ್ತಿದ್ದರು. ಸಣ್ಣ ಕೋಟೆಗಳ ರೀತಿ ಬೇರೆ. ಅಲ್ಲಿ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಗೆ ನೇಮಕವಾದ ಕಪಿತಾನನೇ ಮುಖ್ಯನು. ರಾಜನ ಸರಕು, ಸುಂಕ, ಸಂಬಳಗಳ ಲೆಕ್ಕವನ್ನಿಡುವವನು ‘ಫೈತೋರ್’, ಧರ್ಮಕಾರ್ಯವು ವಿಗಾರನದು. ಇವರ ಕೆಳಗೆ ಸೈನಿಕರಲ್ಲದೆ, ಮದುವೆಯಾಗಿ ಊರಿನಲ್ಲಿ ನೆಲೆಸಿದ ‘ಕಸಾದೋ’ ಎಂಬ ಗೃಹಸ್ಥವರ್ಗವಿರುತ್ತಿತ್ತು. ಶಾಂತಿಕಾಲದಲ್ಲಿ ವ್ಯಾಪಾರ, ಮುತ್ತಿಗೆಯ ಕಾಲದಲ್ಲಿ ಕೋಟೆಯ ಕಾವಲು ಇವರ ಪಾಲಿಗೆ ಬರುತ್ತಿದ್ದುವು. ಸಮುದ್ರದಲ್ಲಿ ಹೋಗುವ ನಾವೆಗಳು ‘ಕಾರ್ತಾಜ್’ ಎಂಬ ರಹದಾರಿಯನ್ನು ಹಣ ತೆತ್ತು ಪಡೆಯಬೇಕಾಗಿತ್ತು. ಇಲ್ಲದ ನಾವೆಯು ಸೆರೆಯಾಗುತ್ತಿತ್ತು.

ಹೊನ್ನಾವರದ ಸ್ಥಿತಿಯನ್ನು ಕಣ್ಣಾರೆ ಕಂಡು ಬರೆದವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ ಅವನು ಇಲ್ಲಿಗೆ ಬಂದಾಗ ಕೋಟೆಯು ಎತ್ತರವಾದ ಕಲ್ಲುಗುಡ್ಡದ ಮೇಲೆ ವಿಶಾಲವಾಗಿ ಹಬ್ಬಿದ್ದಿತು. ಕಪಿತಾನನೂ ಬಹುಮಂದಿ ಕಸಾದೋಗಳೂ ಅದರೊಳಗೆ ಬಾವಿ, ತೋಟಗಳುಳ್ಳ ಮನೆಗಳಲ್ಲಿ ವಾಸವಾಗಿದ್ದರು. ಸಂತ ಕ್ಯಾತರೀನಳ ಹೆಸರಿನದೊಂದು, ಸಂತ ಅಂತೋನಿಯ ಹೆಸರಿನದೊಂದು, ಹೀಗೆ ಎರಡು ಇಗರ್ಜಿಗಳಿದ್ದುವು. ಆದರೆ ಸಾಮಾನ್ಯವಾಗಿ ಇರುತ್ತಿದ್ದ ಪಾದ್ರಿಯು ಒಬ್ಬನೇ. ಹೊರಗಡೆ ತೆಂಗಿನ ತೋಪಿನ ನೆರಳಿನಲ್ಲಿ ಗುಡಿಸಲುಗಳಂತಹ ಮನೆಗಳು. ಪೇಟೆಯಲ್ಲಿ ಹೊಟ್ಟೆಪಾಡಿಗೆ ಬೇಕಾದಷ್ಟರ ಹೊರತು ಹೆಚ್ಚಿನ ಸರಕಿರಲಿಲ್ಲ. ಕೋಟೆಯ ವಿಸ್ತಾರವನ್ನೂ ಪೇಟೆಯ ಬಡತನವನ್ನೂ ಒಟ್ಟಿಗೆ ನೋಡಿದರೆ ಪಟ್ಟಣದ ನಿಜಸ್ಥಿತಿಯು ತಿಳಿಯುತ್ತದೆ. ಗೋಡೆಗಳು ಅವರವು, ಗೋಡೆಯಾಚೆಯ ಗದ್ದೆಯೂ ಮೆಣಸಿನ ಬಳ್ಳಿಯೂ ಪರರವು.

ದೆಲ್ಲಾ ವಾಲ್ಲೆಯು ಬಂದ ಸಂದರ್ಭವೇ ಇದಕ್ಕೆ ಸಾಕ್ಷಿ. ಗೇರುಸೊಪ್ಪೆಯ ರಾಣಿಯನ್ನು ಪೋರ್ತುಗೀಜರು ‘ಮೆಣಸಿನ ರಾಣಿ’ಯೆಂದು ಕರೆಯುತ್ತಿದ್ದರು. ಆಕೆಯ ರಾಜ್ಯವು ಕೆಳದಿಯ ವೆಂಕಟಪ್ಪನಾಯಕನ ವಶವಾದ ಮೇಲೆ ಘಟ್ಟದ ಮೆಣಸಿಗೆ ಅವನೇ ಒಡೆಯನಾದನು. ಅವನೊಡನೆ ಮಾತುಕತೆ ನಡೆಸುವುದಕ್ಕಾಗಿ ಗೋವೆಯಿಂದ ಜುವಾಂವ್ ಫೆರ್ನಾಂದಿಸ್ ಲೈತಾಂವನು ರಾಯಭಾರಿಯಾಗಿ ಹೊರಟನು. ನಾಯಕನ ಕಡೆಯ ರಾಯಭಾರಿ ವಿಠಲ ಶೆಣೈಯು ಜೊತೆಗಿದ್ದನು. ಇವರೆಲ್ಲರೂ ಹೊನ್ನಾವರದಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಸಾಗಿ, ಘಟ್ಟವನ್ನು ಹತ್ತಿ ಇಕ್ಕೇರಿಯನ್ನು ಸೇರಿದರು. ಕಡಲಲ್ಲಿ ರಹದಾರಿಯನ್ನು ಕೊಡುತ್ತಿದ್ದವರು ಮೆಣಸಿಗಾಗಿ ಘಟ್ಟವನ್ನು ಹತ್ತಿ ಬಿನ್ನವಿಸಿಕೊಳ್ಳಬೇಕಾಯಿತು.

ಇಂತಹ ಪಟ್ಟಣವು ನೆರೆಯ ಅರಸನು ಸಹಿಸಿಕೊಂಡಿರುವಷ್ಟು ಕಾಲ ಮಾತ್ರ ಬಾಳಬಲ್ಲುದು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಸಮುದ್ರದಲ್ಲಿ ಬಲಿತು ಗೋವೆಯ ಬಂದರನ್ನೇ ತಡೆಗಟ್ಟತೊಡಗಿದರು. 1570ರಲ್ಲಿ ಹೊನ್ನಾವರವನ್ನು ಉಳಿಸಿದ ಕಡಲಮಾರ್ಗವು ಹೀಗೆ ದುರ್ಬಲವಾಯಿತು. ಈ ಸಮಯವನ್ನರಿತು ಶಿವಪ್ಪನಾಯಕನು 1652ರಿಂದ 1654ರೊಳಗೆ ಕನ್ನಡ ಕರಾವಳಿಯ ಪೋರ್ತುಗೀಜ ಕೋಟೆಗಳನ್ನು ಒಂದೊಂದಾಗಿ ಹಿಡಿದನು. ಹೊನ್ನಾವರವೂ ಅವನ ಕೈಸೇರಿತು. ಮುಂದೆ 1678ರ ಕೌಲಿನಂತೆ ಕೆಳದಿಯವರು ಅವರಿಗೆ ಮಂಗಳೂರಿನಲ್ಲಿ ಕೋಠಿಯನ್ನೂ, ಮಿರ್ಜಾನ, ಚಂದಾವರ, ಭಟ್ಕಳ ಮುಂತಾದ ಕಡೆಗಳಲ್ಲಿ ಇಗರ್ಜಿಗಳನ್ನೂ ಕಟ್ಟಿಕೊಳ್ಳಲು ಅನುಮತಿ ಕೊಟ್ಟರು. ಹಿಂದೆ ಕಪ್ಪವನ್ನು ಬೇಡಿದವರು ಈಗ ಅಪ್ಪಣೆಯನ್ನು ಪಡೆಯುವವರಾದರು.

ಉಳಿದುದೇನು? ಹೊನ್ನಾವರ, ಚಂದಾವರಗಳ ಕ್ರೈಸ್ತ ಸಮಾಜವು ಉಳಿದು ಬೆಳೆಯಿತು. ಕೊಂಕಣಿ, ಮರಾಠಿಗಳ ಮೂಲಕ ಕೆಲವು ಮಾತುಗಳು ನಮ್ಮಲ್ಲಿ ನೆಲೆಸಿದುವು. ಉತ್ತರ ಕನ್ನಡದಲ್ಲಿ ಬಳಕೆಯಲ್ಲಿರುವ ಪಗಾರ, ಲಿಲಾವು, ಚಾವಿ ಎಂಬ ಶಬ್ದಗಳ ಮೂಲವು ಪೋರ್ತುಗೀಜವೇ. ಸಂಬಳ, ಹರಾಜು, ಬೀಗದಕೈ, ಈ ಮೂರೂ ಉಗ್ರಾಣದ ಮಾತುಗಳು. ಹೊನ್ನಾವರದ ಆಡಳಿತವು ಉಗ್ರಾಣವನ್ನು ಕಾಯುವ ಆಡಳಿತವಾಗಿತ್ತು. ನಾಡನ್ನಾಳುವ ಆಡಳಿತವು ಗೇರುಸೊಪ್ಪೆಯಲ್ಲಿಯೂ ಇಕ್ಕೇರಿಯಲ್ಲಿಯೂ ಇದ್ದಿತು. ಆದುದರಿಂದ ಈ ತೀರದ ಆ ಎಂಭತ್ತೈದು ವರ್ಷಗಳನ್ನು ಪೋರ್ತುಗೀಜರ ಕಾಲವೆನ್ನುವುದಕ್ಕಿಂತ, ಗೇರುಸೊಪ್ಪೆ ಕೆಳದಿಗಳ ಕಾಲದಲ್ಲಿ ಹೊನ್ನಾವರದಲ್ಲಿದ್ದ ಪೋರ್ತುಗೀಜ ಕೋಟೆಯ ಕಾಲವೆಂದು ಹೇಳುವುದು ಚರಿತ್ರೆಗೆ ಒಪ್ಪುವ ಮಾತು.